ಶಿವಶರಣನ ಮನೆತನದ ಬಯೋಡಾಟಾ

ದರಿಬಡಚಿಯ ಶಿವಶರಣನಿಗೆ ರಾತ್ರಿ ಕನಸು ಬೀಳುತ್ತಿರಲಿಲ್ಲ. ರಾತ್ರಿಯನ್ನು ಅವನು ನಿದ್ದೆಗೆ ಬಿಟ್ಟುಕೊಟ್ಟು, ಕನಸಿಗೆಂದು ಹಗಲನ್ನು ಮೀಸಲಿಟ್ಟಿದ್ದ. ಮನೆಯ ಮುಂದೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮಡಿಸಿ ಹಾಸಿದ ಗೋಣಿಚೀಲ, ಬಾಯಲ್ಲಿ ಒಂದು ಚಿಟಿಕೆ ತಂಬಾಕು. ಇಷ್ಟಿದ್ದರೆ ಕಣ್ಣು ತೆರೆದೇ ಇರುತ್ತಿದ್ದವು, ಆಳು ಮಾತ್ರ ಊರಲ್ಲಿ ಇರುತ್ತಿರಲಿಲ್ಲ. ಎಮ್ಮೆ ಹಗ್ಗ ಬಿಚ್ಚಿಕೊಂಡು ಎದುರಿಗೇ ಹಾಯ್ದು ಹೋದರೆ ಕಾಲು ಮಡಚಿ ಅದಕ್ಕೆ ದಾರಿ ಬಿಡುವಷ್ಟು ಸಜ್ಜನ. (ಎಮ್ಮೆ ತಮ್ಮದೇ ಎಂಬುದನ್ನು ಆಮೇಲೆ ಹೆಂಡತಿ ನಂದಾ ಬಂದು ತಿಳಿಸಬೇಕಾಗುತ್ತಿತ್ತು.)

ಈ ಸುಖದ ಬಾಳಿಗೆ ಕಲ್ಲು ಹಾಕಲು ಹೊರಟವನು ನಂದಾಳ ತಮ್ಮ ಮಹಾಂತ. ಅವನಿಗೆ ಮಿರಜಿನಲ್ಲಿ ಮೊಳೆ, ತಂತಿ, ಬೀಗ ಮಾರುವ ಅಂಗಡಿ. ಶಿವಶರಣ ಕೆಲಸಕ್ಕಿದ್ದ ಊರ ಹಾಲಿನ ಡೇರಿ ಬಾಗಿಲು ಮುಚ್ಚಿದಾಗಿನಿಂದ ಮಹಾಂತ ವಾರಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಿದ್ದ.

“ಮಾಮಾ, ಕಟ್ಟಿ ಕಾದರ ಹೊಟ್ಟಿ ತುಂಬತೈತೇನ್ರಿ? ಅಕ್ಕನ್ನ ಕರಕೊಂಡ ಇಲ್ಲಿಗ ಬಂದ ಬಿಡ್ರಿ. ಮೊಳಿ ತೂಗಿ ಕೊಡೂದು, ಅಷ್ಟ. ಕುಂತ ಮಾಡೂ ಕೆಲಸ.”

ಮದುವೆಯ ದಿನ ತನ್ನ ಚಪ್ಪಲಿ ಬಚ್ಚಿಟ್ಟು ರೊಕ್ಕ ಕೇಳಿದ ಹುಡುಗ ಈಗ ತನಗೆ ಪಗಾರ ಕೊಡುವವನಾಗುತ್ತಾನೆ ಎಂಬುದನ್ನು ನೆನೆಸಿದರೆ ಶಿವಶರಣನಿಗೆ ತಂಬಾಕು ಸಹ ಸಪ್ಪೆಯಾಗುತ್ತಿತ್ತು. ಹೆಂಡತಿಯ ತಮ್ಮನ ಕೈಕೆಳಗೆ ಅಳಿಯ ದುಡಿಯುವುದೆಂದರೆ ಯಾವ ಮುಖ ಹೊತ್ತು ಊರಿಗೆ ಬರುವುದು? ಆದರೆ ನಂದಾ ತೀರ್ಪು ಕೊಟ್ಟುಬಿಟ್ಟಿದ್ದಳು.

“ಬಸವ ಜಯಂತಿ ತನಾ ನೋಡೋಣು. ಅಷ್ಟರೊಳಗ ಇಲ್ಲೆ ಒಂದ ನೌಕರಿ ಹಿಡದ್ರಿ, ಇದ್ದಬಿಡೋಣು. ಇಲ್ಲಾಂದ್ರ ಗಂಟು ಕಟ್ಟೂದ. ಅತ್ತೀನ್ನೂ ಕರಕೊಂಡ ಹೋಗೂದ.”

“ಮತ್ತ ಬೇವಿನ ಗಿಡ?”

“ಅದನ್ನೂ ಕಿತ್ತ ಬಸ್ಸಿನ ಮ್ಯಾಲ ಹಾಕೋಣು, ತಗೋರಿ.”

ಅಂಥ ಹೊತ್ತಿನಲ್ಲಿ ಒಂದು ಸುದ್ದಿ ಬಂತು. ಸಂಖದ ದಾರಿಯಲ್ಲಿ ಹೊಸದಾಗಿ ಎದ್ದಿದ್ದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿಗೆ ಒಬ್ಬ ಸುಪರ್‌ವೈಜರ್ ಬೇಕಂತೆ. ದ್ರಾಕ್ಷಿ ಆರಿಸುವ ಹೆಂಗಸರ ಮೇಲೆ ನಿಗಾ ಇಡುವುದು, ಬಾಕ್ಸು ಎಣಿಸಿ ತಣ್ಣನೆಯ ಕೋಣೆಗೆ ಕಳಿಸುವುದು ಕೆಲಸ. ಬಯೋಡಾಟಾ ತಂದುಕೊಡಬೇಕು. ಶಿವಶರಣನಿಗೆ ನಿಗಾ ಕೇಳಿಸಲಿಲ್ಲ, ಎಣಿಕೆಯೂ ಕೇಳಿಸಲಿಲ್ಲ. ತಣ್ಣನೆಯ ಕೋಣೆ ಒಂದೇ ಕೇಳಿಸಿತು.

ಆ ಮಧ್ಯಾಹ್ನ ಕಟ್ಟೆಯ ಮೇಲೆ ಅವನು ಕಂಡ ಕನಸಿಗೆ ಸಾಟಿಯಿರಲಿಲ್ಲ. ಹೊರಗೆ ಜತ್ತ ತಾಲ್ಲೂಕಿನ ಚೈತ್ರದ ಬಿಸಿಲು, ಕಲ್ಲು ಕೂಡ ನೆರಳು ಹುಡುಕುವಂಥದ್ದು. ಒಳಗೆ ಹಾಲಿನಂಥ ಬೆಳಕು. ಸಾಲು ಸಾಲು ಬಾಕ್ಸುಗಳ ನಡುವೆ ಮೆಲ್ಲಗೆ ತೇಲಾಡುವ ಮಂಜು, ಅದರ ತುಂಬ ಒಣದ್ರಾಕ್ಷಿಯ ಸಿಹಿ ವಾಸನೆ. ಮಧ್ಯದಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಸ್ವೆಟರ್ ತೊಟ್ಟು, ಬಾಯಿಂದ ಹೊಗೆ ಬಿಡುತ್ತ, ಸಣ್ಣಗೆ ನಡುಗುತ್ತ ಕುಳಿತ ಶಿವಶರಣ. ಇಡೀ ತಾಲ್ಲೂಕು ಬೆವರುವಾಗ ತಾನೊಬ್ಬ ನಡುಗುವುದೆಂದರೆ ಅದಕ್ಕಿಂತ ದೊಡ್ಡ ಪದವಿ ಉಂಟೇ ಎಂದು ಅವನಿಗೆ ಅನ್ನಿಸಿತು. ಮಿರಜಿನ ಮೊಳೆಗಳೆಲ್ಲ ಆ ಮಂಜಿನಲ್ಲಿ ಕರಗಿ ಹೋದವು.

“ಬಯೋಡಾಟಾದಾಗ ಏನ ಬರೀತೀರಿ?” ಎಂದು ನಂದಾ ಕೇಳಿದಾಗ ಮಂಜು ಹರಿಯಿತು.

“ಅದನ್ನ ವಿಚಾರ ಮಾಡಾಕತ್ತೀನಿ.”

“ಅದ್ರಾಗ ವಿಚಾರ ಏನೈತ್ರಿ? ಬಿ.ಎ. ಮಾಡೀರಿ. ಡೇರಿಯೊಳಗ ಅಷ್ಟ ವರ್ಷ ಹಾಲ ಅಳದೀರಿ, ಒಬ್ಬರೂ ಜಗಳ ತಗದಿಲ್ಲ. ಅಷ್ಟ ಬರದು ಕೆಳಗ ಫೋನ್ ನಂಬರ ಹಾಕ್ರಿ. ಒಂದ ಹಾಳಿ ಸಾಕು.”

ಶಿವಶರಣ ಹೆಂಡತಿಯನ್ನು ಕರುಣೆಯಿಂದ ನೋಡಿದ. “ಒಂದ ಹಾಳಿ? ನಮ್ಮ ಹಿಂದಿನ ಎಮ್ಮಿ ಮಾರೂ ಮುಂದ ಸೈತ ಇದಕ್ಕಿಂತ ಹೆಚ್ಚ ಹೇಳಿದ್ವಿ ನಂದಾ.”

“ಎಮ್ಮಿ ಹಾಲ ಕೊಡತಿತ್ತರಿ.”

“ಮತ್ತ ನಂದ ನಾನ ಹೆಂಗ ಹೇಳಿಕೊಳ್ಳೂದು? ನಾಚಿಕಿ ಅನ್ನೂದು ಬ್ಯಾಡೇನು?”

ಇದನ್ನು ಅವನು ಮನಸ್ಸಿನಿಂದಲೇ ಕೇಳಿದ್ದ. ಅವನ ಪ್ರಕಾರ ಬಯೋಡಾಟಾ ಎಂದರೆ ಒಬ್ಬರು ಇನ್ನೊಬ್ಬರ ಮನೆಗೆ ಕಳಿಸುವ ಮಾತು. ಮತ್ತು ಅಂಥ ಮಾತಿಗೆ ಅವನ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಹೋದಾಗ ವರ ಬಾಯಿ ಬಿಡಬಾರದು. ಕಂಬಳಿಯ ಮೇಲೆ ತಲೆ ತಗ್ಗಿಸಿ ಕೂಡಬೇಕು, ಕೊಟ್ಟ ಅವಲಕ್ಕಿ ತಿನ್ನಬೇಕು. ಮಾತೆಲ್ಲ ಸೋದರಮಾವನದು. ಶಿವಶರಣನಿಗೆ ಹೆಣ್ಣು ನೋಡಲು ಹೋದಾಗ ಅವನ ಸೋದರಮಾವ ಗುರಪ್ಪ ಇಡೀ ಮುಂಜಾನೆ ಮಾತಾಡಿದ್ದ: ಅಜ್ಜನಿಂದ ಹಿಡಿದು ಅತ್ತೆಯ ಮಗನ ತನಕ ಎಲ್ಲರ ಗುಣಗಾನ ಮಾಡಿ, ಕೊನೆಗೆ ವರನತ್ತ ಬೆರಳು ಮಾಡಿ, “ಇಂವ ಆ ಮನಿತನದಾಂವ” ಎಂದಿದ್ದ. ಅಷ್ಟಕ್ಕೇ ನಂದಾಳಂಥ ಹೆಣ್ಣು ಸಿಕ್ಕಿದಳು. ಬಾಯಿ ಬಿಡದೆ ನಂದಾ ಸಿಕ್ಕ ಮೇಲೆ ಒಂದು ಕೋಲ್ಡ್ ಸ್ಟೋರೇಜು ಸಿಗಲಾರದೇ?

ಹೀಗಾಗಿ ಅವನು ಗುರಪ್ಪಮಾವನ ಸಲಹೆ ಕೇಳಿದ. ಗುರಪ್ಪ ಊರಿಗೆಲ್ಲ ಬೀಗತನ ಕೂಡಿಸಿದವನು. ನೌಕರಿ ಮಾತ್ರ ಜನ್ಮದಲ್ಲಿ ಮಾಡಿರಲಿಲ್ಲ. (ಸಲಹೆ ಕೊಡುವುದಕ್ಕೆ ಇದೊಂದು ಅನುಕೂಲವೇ.)

“ನೂಲು ನೋಡಿ ಸೀರಿ ತಗೊಳ್ಳೂ ಮಂದಿ ನಾವು,” ಎಂದ ಗುರಪ್ಪ ಮೀಸೆ ತೀಡಿ. “ಮನಿತನಾ ಬರಸು. ನಿಂದೇನೂ ಬರಸಬ್ಯಾಡ. ನಿಂದ ನೀ ಬರಕೊಂಡ್ರ, ಹೇಳಾಕ ಇವಗ ಹಿಂದ ಮುಂದ ಯಾರೂ ಇಲ್ಲ ಅಂತ ತಿಳೀತಾರ.”

“ಒಂದ ಹಾಳಿ ಸಾಕು ಅಂತಾಳ್ರಿ ಮಾವಾ, ನಿಮ್ಮ ಸೊಸಿ.”

“ಹಾಳಿ ತೆಳ್ಳಗಿದ್ರ ಗಾಳಿಗಿ ಹಾರತೈತಿ. ದಪ್ಪ ಇರಲಿ.”

ಈ ಜ್ಞಾನವನ್ನು ತಲೆಯಲ್ಲಿ ತುಂಬಿಕೊಂಡು ಶಿವಶರಣ ಸಂಖಕ್ಕೆ ಹೋಗಿ ಅಕೀಲನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತ. ಅಕೀಲನಿಗೆ ಅವನದೇ ಆದ ಶಾಸ್ತ್ರವಿತ್ತು. ಅವನ ಕಂಪ್ಯೂಟರಿನಲ್ಲಿ ಒಂದು ಪ್ಯಾರಾ ಯಾವಾಗಲೂ ಸಿದ್ಧ: ‘ಸವಾಲುಗಳನ್ನು ಸ್ವೀಕರಿಸಿ ಸಂಸ್ಥೆಯೊಂದಿಗೆ ಬೆಳೆಯುವುದೇ ನನ್ನ ಜೀವನದ ಧ್ಯೇಯ.’ ನರ್ಸಿಗೂ ಅದೇ, ಡ್ರೈವರಿಗೂ ಅದೇ.

“ನಿಮ್ಮೂರ ಶಿದ್ರಾಯಗೂ ಇದನ್ನ ಹಾಕಿ ಕೊಟ್ಟೇನ್ರಿ,” ಎಂದ ಅಕೀಲ.

“ಅವಗ ನೌಕರಿ ಸಿಕ್ತೇನು?”

“ಇನ್ನಾ ಇಲ್ರಿ. ಆದ್ರ ಪ್ಯಾರಾ ಚಲೋ ಐತಿ ಅಂತ ಎಲ್ಲಾರೂ ಅಂತಾರ. ಸುತ್ತ ಬಾರ್ಡರ್ ಹಾಕಲೇನ್ರಿ? ಹೂವಿಂದೈತಿ, ಬಳ್ಳಿದೈತಿ. ಫೋಟೋಕ್ಕ ಕೋಟ ಹಾಕತೇನಿ, ಕಂಪ್ಯೂಟರದಾಗ.”

ಶಿವಶರಣ ಬಳ್ಳಿಯ ಬಾರ್ಡರ್ ಆರಿಸಿದ. ಮೇಲ್ಗಡೆ ಗುಡ್ಡಾಪುರದ ದಾನಮ್ಮದೇವಿ ಪ್ರಸನ್ನ ಎಂದು ಹಾಕಿಸಿದ. ಕೆಳಗೆ ನೀಲಿ ಕೋಟಿನಲ್ಲಿ ಅವನ ಮುಖ ಬಂತು. ಕೊರಳು ಯಾರದೋ ಆಗಿದ್ದುದರಿಂದ ಸ್ವಲ್ಪ ಬೆಳ್ಳಗಿತ್ತು. ಆಮೇಲೆ ಕಣ್ಣು ಅರ್ಧ ಮುಚ್ಚಿ ಹೇಳತೊಡಗಿದ. ಅಜ್ಜ ಸೋಮನಿಂಗಪ್ಪ ಬಾವಿ ತೋಡಿಸಿದ್ದು ಒಂದು ಹಾಳಿ. ಅಪ್ಪ ಊರ ನ್ಯಾಯ ಬಗೆಹರಿಸುತ್ತಿದ್ದುದು ಅರ್ಧ ಹಾಳಿ. ಗುರಪ್ಪಮಾವನ ಮೀಸೆ ಸಹಿತ ಗುರಪ್ಪಮಾವ ಅರ್ಧ ಹಾಳಿ. ತಾಯಿ ಶಿವಲಿಂಗವ್ವನ ಹೋಳಿಗೆಗೂ ಜಾಗ ಸಿಕ್ಕಿತು. ಅಲ್ಲಿಂದ ನಂದಾಳ ಸರದಿ ಬಂತು.

ಅಲ್ಲಿಯವರೆಗೆ ಅವನು ಮಾವನಂತೆ ಮಾತಾಡುತ್ತಿದ್ದ. ನಂದಾ ಬಂದ ಕೂಡಲೇ ತನ್ನಂತೆ ಮಾತಾಡತೊಡಗಿದ. ಮಹಿಳಾ ಬಚತ ಗಟದ, ಅಂದರೆ ಉಳಿತಾಯ ಸಂಘದ ಹೆಂಗಸರು ಜುಟ್ಟು ಹಿಡಿದು ಬಂದರೂ ಅವಳು ಒಂದೇ ಮಾತಿಗೆ ಹೇಗೆ ನಗಿಸಿ ಕಳಿಸುತ್ತಾಳೆ ಎಂದು ಹೇಳಿದ. ಕಾಳನ್ನು ಅಂಗೈಯಲ್ಲಿ ಹಿಡಿದು ಹುಳ ಬೀಳುವ ಮುಂಚೆಯೇ ಹುಳ ಬೀಳುತ್ತದೆಂದು ಹೇಗೆ ಗುರುತಿಸುತ್ತಾಳೆ ಎಂದು ಹೇಳಿದ. ಕನ್ನಡ, ಮರಾಠಿ, ಹಿಂದಿ, ಜೊತೆಗೆ ನೆರೆಮನೆಯ ಅಮೀನಾಬಿಯೊಡನೆ ಹರಟೆ ಹೊಡೆದು ಕಲಿತ ದಖನಿ. ಲೆಕ್ಕ ಬಾಯಲ್ಲೇ ಮಾಡುತ್ತಾಳೆ. ಗದರಿದರೆ ಎದುರಿನವರಿಗೆ ಸಿಟ್ಟು ಬರುವುದಿಲ್ಲ, ತಪ್ಪು ತಮ್ಮದೇ ಎನ್ನಿಸುತ್ತದೆ. ಅವಳು ತವರಿಗೆ ಹೋದ ದಿನ ಮನೆಯ ಗಡಿಯಾರ ನಡೆಯುತ್ತಿದ್ದರೂ ಹೊತ್ತು ಹೋಗುವುದಿಲ್ಲ. ಶಿವಶರಣನಿಗೆ ಅವಳ ಮೇಲೆ ಬಹಳ ಪ್ರೀತಿ ಇತ್ತು. ಅದನ್ನು ಹೇಳುವುದಕ್ಕೆ ಇಷ್ಟು ವರ್ಷ ಅವನಿಗೊಂದು ಕಾರಣ ಸಿಕ್ಕಿರಲಿಲ್ಲ.

ಅಕೀಲನ ಬೆರಳು ನಿಂತವು. “ಗಡಿಯಾರದ್ದೂ ಹಾಕಲೇನ್ರಿ?”

“ಹಾಕು.”

“ನಿಮ್ಮ ಬಗ್ಗೆ ಏನರ?”

ಶಿವಶರಣ ಬಹಳ ಹೊತ್ತು ಯೋಚಿಸಿದ. “ನಿರ್ವ್ಯಸನಿ ಅಂತ ಹಾಕು,” ಎಂದ. (ಮದುವೆಯ ಬಯೋಡಾಟಾದಲ್ಲಿ ಎಲ್ಲ ವರರೂ ನಿರ್ವ್ಯಸನಿಗಳೇ. ತಂಬಾಕು ಉಗುಳಿ ಬಂದೇ ಅವನು ಇದನ್ನು ಬರೆಸಿದ್ದು.) ಅಕೀಲ ತನ್ನ ಧ್ಯೇಯದ ಪ್ಯಾರಾವನ್ನು ಅದರ ಕೆಳಗೆ ಹಚ್ಚಿದ. ಒಟ್ಟಾರೆ ಗ್ರಂಥ ಸಿದ್ಧವಾಯಿತು. ಪಿನ್ನು ಹೊಡೆಯುವಾಗ ಅಕೀಲ ಎರಡು ಕೈ ಹಚ್ಚಿ ಒತ್ತಬೇಕಾಯಿತು. ಶಿವಶರಣ ಅದನ್ನು ಸ್ಟೋರೇಜಿನಲ್ಲಿ ಕೊಟ್ಟು, ಮನೆಗೆ ಬಂದು ಕಟ್ಟೆಯೇರಿದ.

“ಬರದದ್ದ ನನಗೊಂದೀಟು ತೋರಸಬಾರದೇನ್ರಿ?” ಎಂದಳು ನಂದಾ.

“ಬೀಗತನದ ಮಾತು. ಮೊದಲ ಹೊರಗ ಬಿಡಬಾರದು.”

ಕೆಲವು ದಿನ ಕಳೆದು ಸ್ಟೋರೇಜಿನಿಂದ ಫೋನು ಬಂತು. ನಾಳೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ಶಿವಶರಣ ಫೋನನ್ನು ಎದೆಗೆ ಒತ್ತಿಕೊಂಡ. ಮನೆಯವರನ್ನು ಕರೆಯುತ್ತಾರೆ ಎಂದರೆ ಮಾತು ಕೂಡಿಬಂದ ಹಾಗೆಯೇ. ಗುರಪ್ಪಮಾವನೂ ಅದನ್ನೇ ಹೇಳಿ, ಕರೆಯದೆಯೇ ರುಮಾಲು ಸುತ್ತಿಕೊಂಡು ಹೊರಟ. ಶಿವಲಿಂಗವ್ವ ಒಂದು ತೆಂಗಿನಕಾಯಿ ಕೊಟ್ಟಳು. ಶಿವಶರಣ ಟ್ರಂಕಿನ ತಳದಿಂದ ಹಳೆಯ ಕೆಂಪು ಸ್ವೆಟರ್ ತೆಗೆದು ತೊಟ್ಟ.

“ಈ ಬಿಸಲಾಗ?” ಎಂದಳು ನಂದಾ.

“ಒಳಗ ಥಂಡಿ ಇರತೈತಿ.”

ಥಂಡಿ ಇತ್ತು, ಆದರೆ ಅದು ದಪ್ಪ ಬಾಗಿಲಿನ ಆಚೆಗೆ, ದ್ರಾಕ್ಷಿಗೆ ಮಾತ್ರ. ಆಫೀಸಿನದು ತಗಡಿನ ಮಾಡು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಶಿವಶರಣ ಸ್ವೆಟರಿನೊಳಗೆ ಕೂತು ಬೇಯುತ್ತಿದ್ದ. ಮೇಜಿನಾಚೆ ಸಾಂಗಲಿ ಕಡೆಯ ಹೆಂಗಸು, ಎಲ್ಲರೂ ಮರ್ಯಾದೆಯಿಂದ ‘ಬಾಯಿ’ ಎಂದು ಕರೆಯುವ ಮ್ಯಾನೇಜರ್, ಗ್ರಂಥದ ಹಾಳೆ ತಿರುವುತ್ತಿದ್ದರು. ಕನ್ನಡ ಓದಲು ಬಂದರೂ ಅವರು ಮರಾಠಿಯಲ್ಲಿ ಕೇಳಿದರು, ಇವರು ಅದರಲ್ಲೇ ಹೇಳಿದರು. ಗಡಿಸೀಮೆಯ ಜತ್ತ ತಾಲ್ಲೂಕಿನಲ್ಲಿ ಅದಕ್ಕೆ ಯಾರಿಗೂ ತೊಡಕಿಲ್ಲ. ಗುರಪ್ಪಮಾವ, “ಅಂದ್ರ ಹುಡುಗನ ಅಜ್ಜ...” ಎಂದು ಗಂಟಲು ಸರಿ ಮಾಡಿದೊಡನೆ ಅವರು ಅವನನ್ನು ಹೊರಗೆ ಬೆಂಚಿನ ಮೇಲೆ ಕೂಡಲು ವಿನಯದಿಂದ ಕೇಳಿಕೊಂಡರು. ತೆಂಗಿನಕಾಯಿಯೂ ಅವನೊಡನೆ ಹೋಯಿತು.

“ಅಜ್ಜ ಸೋಮನಿಂಗಪ್ಪನವರು ಈಗ ಇದ್ದಾರೆಯೇ?” ಎಂದರು ಬಾಯಿ.

“ಇಲ್ಲರಿ. ಹೋಗಿ ಭಾಳ ವರ್ಷ ಆತು.”

“ಹಾಗಾದರೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ನಿಮ್ಮ ಬಗ್ಗೆ ಹೇಳಿ. ಇದರಲ್ಲಿ ನೀವು ಎಲ್ಲಿದ್ದೀರಿ?”

“ನಿರ್ವ್ಯಸನಿ ಅಂತ ಐತಲ್ಲರಿ, ಕಡೀ ಹಾಳಿಯೊಳಗ.”

“ಡೇರಿಯಲ್ಲಿ ಕೆಲಸ ಮಾಡಿದ್ದೀರಂತೆ, ಊರಿನವರು ಯಾರೋ ಹೇಳಿದರು. ಅದನ್ನು ಯಾಕೆ ಬರೆದಿಲ್ಲ?”

“ನಮ್ಮದ ನಾವ ಹೇಳಿಕೊಳ್ಳೂದು ಚಂದ ಅಲ್ಲರಿ,” ಎಂದ ಶಿವಶರಣ ಹಣೆ ಒರೆಸಿಕೊಳ್ಳುತ್ತ.

ಬಾಯಿಯವರು ಒಂದು ಹಾಳೆಯನ್ನು ಬಿಡಿಸಿ ನಂದಾಳ ಮುಂದೆ ಇಟ್ಟರು. “ಇದು ನಿಮ್ಮದು. ನಿಜವೇ ನೋಡಿ.”

ನಂದಾ ಓದತೊಡಗಿದಳು. ಮೊದಲು ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತಿಗೆ ಗಂಟು ಬಿಚ್ಚಿತು. ಗಡಿಯಾರದ ಸಾಲಿಗೆ ಬಂದಾಗ ಸೆರಗು ಎಳೆದುಕೊಂಡು ಗೋಡೆಯತ್ತ ಮುಖ ಮಾಡಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಹೆಚ್ಚಿಗಿ ಬರಸ್ಯಾರ್ರಿ. ಅರ್ಧ ತಗದ ಹಾಕ್ರಿ.”

“ನಮಗೆ ಅರ್ಧವೇ ಸಾಕು,” ಎಂದರು ಬಾಯಿ.

ಅಷ್ಟರಲ್ಲಿ ಹಿಂದಿನ ಷೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಂಗಸರ ನಡುವೆ ಜಗಳ ಎದ್ದಿತು. ಕಿಟಕಿಯ ಪಕ್ಕದ ಜಾಗ ಯಾರದು ಎಂಬುದು ವಿಷಯ. ಕನ್ನಡದಲ್ಲಿ ಶುರುವಾಗಿ ಮರಾಠಿಗೆ ದಾಟಿ ದಖನಿಯಲ್ಲಿ ಏರುತ್ತಿತ್ತು. ಬಾಯಿಯವರು ಏಳುವ ಮೊದಲೇ ನಂದಾ ಎದ್ದು ಹೋದಳು. ಅವಳು ಏನು ಹೇಳಿದಳೋ ಆಫೀಸಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಜಗಳ ನಿಂತು ನಗು ಕೇಳಿಸಿತು. ಮರಳಿ ಬರುವಾಗ ಅವಳ ಅಂಗೈಯಲ್ಲಿ ಒಂದಿಷ್ಟು ದ್ರಾಕ್ಷಿ ಇತ್ತು. “ಈ ರಾಶಿ ಇನ್ನಾ ಆರಿಲ್ಲರಿ. ಹಿಂಗ ಬಾಕ್ಸಿಗಿ ತುಂಬಿದ್ರ ಬೂಜ ಹಿಡೀತೈತಿ,” ಎಂದಳು.

ಬಾಯಿಯವರು ಶಿವಶರಣನ ಕಡೆ ತಿರುಗಿ, ಇಷ್ಟು ಪ್ರಾಮಾಣಿಕವಾದ ಬಯೋಡಾಟಾ ತಾವು ನೋಡಿಯೇ ಇಲ್ಲ ಎಂದು ಹೇಳಿ, ನಂದಾಳಿಗೆ ಸೋಮವಾರದಿಂದ ಬರಲು ಹೇಳಿದರು.

ಹೊರಗೆ ಬಂದಾಗ ಗುರಪ್ಪಮಾವ ಬೆಂಚಿನಿಂದ ಎದ್ದ. “ಒಪ್ಪಿದ್ರೇನು?”

“ಒಪ್ಪಿದ್ರರಿ,” ಎಂದ ಶಿವಶರಣ. “ನಿಮ್ಮ ಸೊಸೀನ್ನ.”

ಗುರಪ್ಪ ಮೀಸೆ ತೀಡಿದ. “ಒಟ್ಟ ಮನಿತನಾ ಒಪ್ಪಿದ್ರಲ್ಲ, ಸಾಕ್ ಬಿಡು,” ಎಂದು ಕಾಯಿ ಒಡೆದ.

ಬಸ್ಸಿನಲ್ಲಿ ನಂದಾ ಕಿಟಕಿಯ ಪಕ್ಕ ಕೂತಳು. ಬಿಸಿಗಾಳಿ, ದೂರದಲ್ಲಿ ಕುರಿ ಹಿಂಡು, ಮುಳ್ಳುಗಂಟಿಗಳ ಆಚೆಗೆ ಅಲುಗಾಡುವ ಬಿಸಿಲುಗುದುರೆ. ಶಿವಶರಣ ಆ ಬಿಸಿಲುಗುದುರೆಯ ಮೇಲೆ ಹತ್ತಿ ಎಲ್ಲಿಗಾದರೂ ಹೊರಟುಹೋಗೋಣ ಎಂದುಕೊಳ್ಳುತ್ತಿದ್ದ. ಅವನಿಗೆ ನಾಚಿಕೆಯಾಗಿತ್ತು. ಅದರ ಅಡಿಯಲ್ಲೆಲ್ಲೋ, ತನಗೇ ತಿಳಿಯದಂತೆ, ಹಿಗ್ಗೂ ಆಗಿತ್ತು.

“ಅಷ್ಟೆಲ್ಲಾ ಬರಸೀರಲ್ಲ,” ಎಂದಳು ನಂದಾ ಕಿಟಕಿಯ ಕಡೆ ನೋಡುತ್ತಲೇ. “ನನ್ನ ಮುಂದ ಒಂದ ದಿನಾನೂ ಹೇಳಿದ್ದಿಲ್ಲ.”

“ನೀ ಎಲ್ಲಿ ಬಯೋಡಾಟಾ ಕೇಳಿದ್ದಿ?”

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಮಹಾಂತನ ಫೋನು ಬಂತು. ಎದುರು ಸೀಟಿನವರಿಗೂ ಕೇಳುವಂತೆ ಅವನು, “ಅಕ್ಕಾ, ಬಸವ ಜಯಂತಿಗಿ ಬರಾಕತ್ತೀರೇನು? ಮಾಮಾನ ಸಲುವಾಗಿ ಹೊಸಾ ಸ್ಟೂಲ ತರಿಸೇನಿ,” ಎಂದ.

“ಬರೂದಾಗೂದಿಲ್ಲೋ ತಮ್ಮಾ,” ಎಂದಳು ನಂದಾ. “ನನಗ ಇಲ್ಲೆ ನೌಕರಿ ಹತ್ತೇತಿ. ನಿಮ್ಮ ಮಾಮಾಗೂ ಇಲ್ಲೆ ಭಾಳ ಕೆಲಸೈತಿ.”

“ಮಾಮಾಗ? ಎಂಥಾ ಕೆಲಸಾ?”

“ಇಷ್ಟ ದಿನಾ ಮನ್ಯಾಗ ನಂದ ಇದ್ದದ್ದ ಎಲ್ಲಾ.”

ಮಿರಜಿಗೆ ಹೋಗುವುದು ತಪ್ಪಿತು. ಹೆಂಡತಿಯ ತಮ್ಮನ ಕೈಕೆಳಗೆ ದುಡಿಯಬಾರದೆಂಬ ಶಿವಶರಣನ ಆಸೆ ಹೀಗೆ ಪೂರೈಸಿತು. ಹೆಂಡತಿಯ ಕೈಕೆಳಗೆ ಎಂಬುದರ ಬಗ್ಗೆ ಅವನು ದೇವರಲ್ಲಿ ಏನೂ ಕೇಳಿಕೊಂಡಿರಲಿಲ್ಲ. ಸೋಮವಾರ ನಸುಕಿನಲ್ಲಿ ಎಮ್ಮೆ ಹಿಂಡಿದ. ಶಿವಲಿಂಗವ್ವ ಒಲೆಯ ಪಕ್ಕ ಕೂತು, “ರೊಟ್ಟಿ ಬಡೀಬೇಕೋ, ಹೆದರಸಬಾರದು,” ಎಂದು ಪಾಠ ಹೇಳಿದಳು. ಅವನು ಬಡಿದ ಮೊದಲ ರೊಟ್ಟಿಗೆ ಸಾಂಗಲಿ ಜಿಲ್ಲೆಯ ನಕಾಶೆಯ ಆಕಾರ ಬಂತು. ಎರಡನೆಯದು ಹರಿಯಿತು. ಹೇಗೋ ನಾಲ್ಕು ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ ಡಬ್ಬಿಗೆ ಹಾಕಿಕೊಂಡು, ಊಟದ ಹೊತ್ತಿಗೆ ಸರಿಯಾಗಿ ಸ್ಟೋರೇಜಿನ ಗೇಟಿಗೆ ಬಂದು ನಿಂತ.

ಕಾವಲುಗಾರ ಹೊಸಬ. “ಯಾರ್ರಿ ನೀವು?” ಎಂದು ಕೇಳಿದ.

ಈ ಪ್ರಶ್ನೆಗಾಗಿ ಶಿವಶರಣ ಬಹಳ ದಿನದಿಂದ ಕಾಯುತ್ತಿದ್ದ. ಡಬ್ಬಿಯನ್ನು ಎಡಗೈಗೆ ವರ್ಗಾಯಿಸಿ, “ದರಿಬಡಚಿಯ ಸೋಮನಿಂಗಪ್ಪ ಅಂತ ಇದ್ದರ್ರಿ, ಬಾವಿ ತೋಡಿಸಿದವರು...” ಎಂದು ಶುರು ಮಾಡಿದ.

“ಅವರ ಒಳಗ ಇಲ್ರಿ.”

“ಅಲ್ರಿ, ನಾ ಅವರ ಮೊಮ್ಮಗ. ನಮ್ಮ ಸ್ವಾದರಮಾವ ಗುರಪ್ಪ ಅಂತ...”

“ಅವರೂ ಇಲ್ರಿ,” ಎಂದು ಕಾವಲುಗಾರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಗೇಟು ಅಲುಗಲಿಲ್ಲ. ಬಿಸಿಲು ನೆತ್ತಿಯ ಮೇಲೆ ಬಂತು. ಡಬ್ಬಿಯೊಳಗಿನ ಝುಣಕ ಆರುತ್ತಿತ್ತು. ಶಿವಶರಣ ಬಿ.ಎ. ಬಗ್ಗೆ ಹೇಳಿದ, ಡೇರಿಯ ಬಗ್ಗೆ ಹೇಳಿದ, ಜೀವನದಲ್ಲಿ ಮೊದಲ ಸಲ ತನ್ನದನ್ನು ತಾನೇ ಹೇಳಿಕೊಂಡ. ಕಾವಲುಗಾರ ಆಕಳಿಸಿದ.

“ನಂದಾನ ಗಂಡ್ರೀ ನಾ,” ಎಂದ ಕೊನೆಗೆ.

ಕಾವಲುಗಾರ ಥಟ್ಟನೆ ಎದ್ದು ನಿಂತು ಗೇಟನ್ನು ಪೂರ್ತಿ ತೆರೆದ. “ಮೊದಲ ಹೇಳಬಾರದೇನ್ರಿ ಸಾಹೇಬ್ರ? ಲಗೂನ ಹೋಗ್ರಿ. ನಂದಾಬಾಯಾರು ಹೊತ್ತಾದ್ರ ಸುಮ್ಮನಿರೂದಿಲ್ಲ.”

“ಗೊತ್ತೈತ್ರಿ,” ಎಂದ ಶಿವಶರಣ, ಮತ್ತು ಡಬ್ಬಿ ಎದೆಗವಚಿಕೊಂಡು ಓಡಿದ.